ಹದಿನೈದು ದಿನಕ್ಕೊಂದು ಸಣ್ಣ ಎಮರ್ಜೆನ್ಸಿ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ನಲ್ಲಿ ಮುಂಬೈಯವರು, ಬೆಂಗಳೂರಿನವರು, ಮಂಗಳೂರಿನವರು ಎಲ್ಲರೂ ಇದ್ದಾರೆ. ದಿನಾ ಅದರಲ್ಲಿ ಬರುವುದು ಗುಡ್ ಮಾರ್ನಿಂಗ್, ಮದುವೆ ಕಾಗದ, ಯಾರದೋ ಮಗು ಯಕ್ಷಗಾನದ ಹೆಜ್ಜೆ ಹಾಕಿದ ವಿಡಿಯೊ, ಅಷ್ಟೇ. 2019ರ ಡಿಸೆಂಬರ್ 19ರ ಗುರುವಾರ ಮಾತ್ರ ಅದು ನ್ಯೂಸ್ ಚಾನೆಲ್ ಥರ ಆಗಿತ್ತು. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಅವತ್ತು ದೇಶದ ತುಂಬಾ ಪ್ರತಿಭಟನೆ.

ನಾನು ಆಫೀಸಿನಿಂದ ಬೇಗ ಹೊರಟು ಗ್ರಾಂಟ್ ರೋಡ್‌ನಲ್ಲಿ ಇಳಿದು ಆಗಸ್ಟ್ ಕ್ರಾಂತಿ ಮೈದಾನದ ಕಡೆ ನಡೆದೆ. ಮೈದಾನ ತುಂಬಿ ಜನ ರಸ್ತೆಗೆ ಬಂದಿದ್ದರು. ಕಾಲೇಜು ಹುಡುಗರು, ಬುರ್ಖಾ ಹಾಕಿದ ಹೆಂಗಸರು, ಟೈ ಸಡಿಲ ಮಾಡಿಕೊಂಡು ಬ್ಯಾಂಕಿನಿಂದ ನೇರ ಬಂದವರು, ಸಿನಿಮಾದವರು. ಪೊಲೀಸರು ಬ್ಯಾರಿಕೇಡ್ ಪಕ್ಕ ನಿಂತು "ಚಲಾ, ಪುಢೇ ಚಲಾ" ಅಂತ ಜನರನ್ನು ಮುಂದೆ ಕಳಿಸುತ್ತಿದ್ದರು. ಸಂಜೆ ಮುಗಿಯಿತು, ಜನ ಮನೆಗೆ ಹೋದರು. ಒಂದು ಕಲ್ಲೂ ಬೀಳಲಿಲ್ಲ.

ಅದೇ ದಿನ ಬೆಂಗಳೂರಿನಲ್ಲಿ 144ನೇ ಸೆಕ್ಷನ್, ಅಂದರೆ ಜನ ಗುಂಪು ಸೇರಬಾರದು ಅನ್ನುವ ನಿಷೇಧಾಜ್ಞೆ. ಬೆಳಗ್ಗೆ 6ರಿಂದಲೇ, ಮೂರು ದಿನಕ್ಕೆ. ಮೊದಲು ಪರ್ಮಿಷನ್ ಕೊಟ್ಟಿದ್ದ ಸಭೆಗಳೂ ರದ್ದಾದವು. ಟೌನ್‌ಹಾಲ್ ಮುಂದೆ ಟಿವಿಯವರ ಜೊತೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದುಕೊಂಡು ಹೋದ ವಿಡಿಯೊ ಎಲ್ಲರೂ ನೋಡಿದ್ದೀರಿ. ಮಂಗಳೂರಿನಲ್ಲಿ ಇನ್ನೂ ಕೆಟ್ಟದಾಯಿತು. ಅಲ್ಲೂ ನಿಷೇಧಾಜ್ಞೆ ಇತ್ತು. ಜನ ಸೇರಿದರು, ಲಾಠಿ ಬೀಸಿದರು, ಕಲ್ಲು ಬಿತ್ತು, ಕೊನೆಗೆ ಗೋಲಿಬಾರ್. ಇಬ್ಬರು ಸತ್ತರು. ಕರ್ಫ್ಯೂ ಬಂತು. ರಾತ್ರಿ ಮೊಬೈಲ್ ಇಂಟರ್ನೆಟ್ ಕಟ್ ಆಯಿತು, 48 ಗಂಟೆಗೆ. ಗ್ರೂಪ್‌ನಲ್ಲಿ ಮಂಗಳೂರಿನವರಿಗೆ ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್. ಅಮ್ಮ ಹಳೇ ಡೈರಿ ಹುಡುಕಿ ಚಿಕ್ಕಮ್ಮನ ಮನೆಯ ಲ್ಯಾಂಡ್‌ಲೈನ್ ನಂಬರ್ ತೆಗೆದರು. ಆ ಲೈನ್ ಇನ್ನೂ ಜೀವಂತ ಇದೆ ಅಂತ ಯಾರಿಗೂ ನಂಬಿಕೆ ಇರಲಿಲ್ಲ. ರಿಂಗ್ ಆಯಿತು, ಪುಣ್ಯ.

ಈಗ ಯೋಚನೆ ಮಾಡಿ. ಮೂರೂ ಊರಿಗೆ ಸಂವಿಧಾನ ಒಂದೇ. 19ನೇ ವಿಧಿ ಒಂದೇ: ಆಯುಧ ಇಲ್ಲದೆ ಶಾಂತವಾಗಿ ಸೇರುವ ಹಕ್ಕು, ಸಾರ್ವಜನಿಕ ವ್ಯವಸ್ಥೆಗಾಗಿ ಅದರ ಮೇಲೆ ಹಾಕಬಹುದಾದ ನ್ಯಾಯಸಮ್ಮತ ನಿರ್ಬಂಧ. ಹಾಗಾದರೆ ಮುಂಬೈಯಲ್ಲಿ ಮೈದಾನ, ಮಂಗಳೂರಿನಲ್ಲಿ ಗುಂಡು ಯಾಕೆ? ಮುಂಬೈ ಪೊಲೀಸರ ಮನಸ್ಸು ದೊಡ್ಡದು ಅಂತ ಹೇಳೋಕೆ ನನಗೂ ಆಸೆ. ಆದರೆ ಆವಾಗ ಇಲ್ಲಿ ಉದ್ಧವ್ ಠಾಕ್ರೆ ಸರ್ಕಾರ ಬಂದು ಒಂದು ತಿಂಗಳೂ ಆಗಿರಲಿಲ್ಲ, ದಿಲ್ಲಿಯ ಕಾಯ್ದೆ ವಿರುದ್ಧ ಜನ ಕೂಗಿದರೆ ಈ ಸರ್ಕಾರಕ್ಕೆ ಹೊಟ್ಟೆ ಉರಿಯುವ ಕಾರಣ ಇರಲಿಲ್ಲ. ಕರ್ನಾಟಕದಲ್ಲಿ ಯಡಿಯೂರಪ್ಪನವರ ಸರ್ಕಾರ. ಅಲ್ಲಿ ಲೆಕ್ಕವೇ ಬೇರೆ. ನನ್ನ ಹಕ್ಕು ಇವತ್ತು ಇದೆಯೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಕುರ್ಚಿಯಲ್ಲಿ ಯಾರಿದ್ದಾರೆ ಅಂತ ನೋಡಬೇಕು. ನನ್ನ ತಕರಾರು ಇಲ್ಲಿಂದಲೇ ಶುರು.

ಬೆಂಗಳೂರಿನ ಆ 144 ಆದೇಶ ಕಾನೂನಿಗೆ ಸರಿ ಇಲ್ಲ ಅಂತ ಕರ್ನಾಟಕ ಹೈಕೋರ್ಟ್ ಹೇಳಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಇದ್ದ ಪೀಠ. ಅವರು ಬಾಂಬೆ ಹೈಕೋರ್ಟಿನಿಂದ ಅಲ್ಲಿಗೆ ಹೋದವರು, ನಾವು ಮುಂಬೈಯವರು ಸ್ವಲ್ಪ ಜಂಬ ಪಡಬಹುದು. ಆದರೆ ತೀರ್ಪು ಬಂದಿದ್ದು 2020ರ ಫೆಬ್ರವರಿ 13ಕ್ಕೆ. ಅಷ್ಟು ಹೊತ್ತಿಗೆ ಆ ಮೂರು ದಿನ ಮುಗಿದು ಎರಡು ತಿಂಗಳಾಗಿತ್ತು. ಅವತ್ತು ಪೊಲೀಸರು ಬಸ್ಸಿನಲ್ಲಿ ತುಂಬಿಕೊಂಡು ಹೋದ ಜನರಿಗೆ ಆ ಕಾಗದದಿಂದ ಏನು ಸಿಕ್ಕಿತು? ಅದೇ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಕೂಡ ಬೀಡ್ ಜಿಲ್ಲೆಯ ಇಂಥದೇ ಒಂದು ಆದೇಶ ರದ್ದು ಮಾಡಿತು. ಒಂದು ಕಾನೂನನ್ನು ವಿರೋಧಿಸಿದ ಮಾತ್ರಕ್ಕೆ ಜನರನ್ನು ದೇಶದ್ರೋಹಿಗಳು ಅನ್ನೋಕಾಗಲ್ಲ ಅಂತ ಸ್ಪಷ್ಟವಾಗಿ ಬರೆಯಿತು. ಒಳ್ಳೆಯ ತೀರ್ಪು, ಓದಿ. ಬೀಡ್‌ನ ಆದೇಶ ಮಾತ್ರ 144 ಆಗಿರಲಿಲ್ಲ. ಅದು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಸೆಕ್ಷನ್.

ಈ 37ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮುಂಬೈಯಲ್ಲಿ ಇರುವ ನಮಗೆಲ್ಲ ಇದು ದಿನಾ ತಾಗುವ ವಿಷಯ, ತಾಗಿದ್ದು ಗೊತ್ತಾಗಲ್ಲ ಅಷ್ಟೇ.

1951ರ ಬಾಂಬೆ ಪೊಲೀಸ್ ಕಾಯ್ದೆಗೆ ಈಗ ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಅಂತ ಹೆಸರು. ಅದರ 37(3)ರ ಪ್ರಕಾರ ಪೊಲೀಸ್ ಕಮಿಷನರ್ ಗುಂಪು ಸೇರುವುದನ್ನು, ಮೆರವಣಿಗೆಯನ್ನು ನಿಷೇಧಿಸಬಹುದು. ಒಂದೇ ಒಂದು ಬೇಲಿ ಇದೆ: ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ 15 ದಿನಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಬರೆದವರು ಪಾಪ ಒಳ್ಳೆಯ ಉದ್ದೇಶದಿಂದಲೇ ಬರೆದಿರಬೇಕು, ತುರ್ತು ಇದ್ದರೆ ಹದಿನೈದು ದಿನ, ಆಮೇಲೆ ಸರ್ಕಾರ ಜವಾಬ್ದಾರಿ ಹೊರಲಿ ಅಂತ. ಆಗಿದ್ದೇನು? ಒಂದು ಆದೇಶದ ಹಿಂದೆ ಇನ್ನೊಂದು. ತಾರೀಕು ಬದಲಾಗುತ್ತದೆ, ಪಠ್ಯ ಅದೇ.

2022ರ ಡಿಸೆಂಬರ್‌ನಲ್ಲಿ ಇಂಥ ಒಂದು ಆದೇಶ "ಮುಂಬೈಯಲ್ಲಿ 144!" ಅಂತ ವೈರಲ್ ಆಗಿತ್ತು. ಊರಿನಿಂದ ಫೋನ್ ಮೇಲೆ ಫೋನ್. "ಅಲ್ಲಿ ಗಲಾಟೆಯಂತೆ, ಹೊರಗೆ ಹೋಗಬೇಡಿ." ಗಾಬರಿ ಬೇಡ, ಇದು ಮಾಮೂಲಿ ಆದೇಶ, ಯಾವಾಗಲೂ ಹೊರಡಿಸುತ್ತೇವೆ ಅಂತ ಪೊಲೀಸರೇ ಸಮಾಧಾನ ಹೇಳಬೇಕಾಯಿತು. ಆ ಸಮಾಧಾನ ಕೇಳಿ ನನಗೆ ಗಾಬರಿ ಜಾಸ್ತಿಯಾಯಿತು. ತುರ್ತು ಅಧಿಕಾರ ಮಾಮೂಲಿ ಆದರೆ ಅದು ಇನ್ನೆಂಥ ತುರ್ತು?

ಆ ಥರದ ಆದೇಶವನ್ನು ಒಮ್ಮೆ ಕೂತು ಓದಿ. ಮಜಾ ಇದೆ. ಶಾಂತಿಗೆ ಭಂಗ ಬರಬಹುದು, ಜೀವಕ್ಕೆ ಆಸ್ತಿಗೆ ಅಪಾಯ ಇದೆ, ಆದ್ದರಿಂದ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಾರದು, ಮೆರವಣಿಗೆ ಬೇಡ, ಧ್ವನಿವರ್ಧಕ ಬೇಡ, ಬ್ಯಾಂಡ್ ಬೇಡ, ಪಟಾಕಿ ಬೇಡ. ಅಪಾಯ ಯಾರಿಂದ, ಯಾವ ಏರಿಯಾದಲ್ಲಿ ಅಂತ ಕೇಳಿದರೆ ಉತ್ತರ ಸಿಗಲ್ಲ. ಆಮೇಲೆ ವಿನಾಯಿತಿಗಳ ಪಟ್ಟಿ. ಮದುವೆಗೆ ಇದು ಅನ್ವಯಿಸಲ್ಲ. ಶವಯಾತ್ರೆಗೆ ಅನ್ವಯಿಸಲ್ಲ. ಕಂಪನಿ ಮೀಟಿಂಗ್, ಹೌಸಿಂಗ್ ಸೊಸೈಟಿ, ಕ್ಲಬ್, ಸಿನಿಮಾ, ನಾಟಕ, ಕೋರ್ಟು, ಶಾಲೆ, ಫ್ಯಾಕ್ಟರಿ, ಅಂಗಡಿ, ಯಾವುದಕ್ಕೂ ಅನ್ವಯಿಸಲ್ಲ. ಎರಡು ಕೋಟಿ ಜನರ ಊರಿನಲ್ಲಿ ಐದು ಜನ ಸೇರಬಾರದು ಅಂದರೆ ಲೋಕಲ್ ಟ್ರೇನಿನ ಒಂದು ಸೀಟಿಗೇ ಕೇಸ್ ಹಾಕಬೇಕಾಗುತ್ತದೆ, ಹಾಗಾಗಿ ವಿನಾಯಿತಿ ಕೊಡಲೇಬೇಕು, ಸರಿ. ಎಲ್ಲಾ ಕಳೆದ ಮೇಲೆ ಉಳಿಯುವವರು ಯಾರು ಹೇಳಿ? ಕೈಯಲ್ಲಿ ಬೋರ್ಡ್ ಹಿಡಿದು ಫುಟ್‌ಪಾತ್ ಮೇಲೆ ನಿಂತ ಐದು ಜನ. ಸೊಸೈಟಿಯ ನೀರಿನ ಬಿಲ್ ಬಗ್ಗೆ ಐವತ್ತು ಜನ ಕೂಗಾಡಬಹುದು. ಬಸ್ ದರ ಜಾಸ್ತಿಯಾಯಿತು ಅಂತ ಐದು ಜನ ಡಿಪೋ ಮುಂದೆ ನಿಂತರೆ 37(1)(3), ಜೊತೆಗೆ ಆದೇಶ ಮೀರಿದ್ದಕ್ಕೆ ಶಿಕ್ಷೆಯ ಸೆಕ್ಷನ್ 135 ಅಂತ ಎಫ್‌ಐಆರ್ ಬೀಳಬಹುದು.

ಬೀಳಬಹುದು ಅಂದೆ. ದಿನಾ ಬೀಳಲ್ಲ, ನಿಜ. ಅದೇ ಇನ್ನೂ ಕಿರಿಕಿರಿ. ಕಾಯ್ದೆ ಕಪಾಟಿನಲ್ಲಿ ರೆಡಿ ಇರುತ್ತದೆ, ಯಾರ ಮೇಲೆ ತೆಗೆಯಬೇಕು ಅಂತ ಸ್ಟೇಷನ್ನಿನಲ್ಲಿ ತೀರ್ಮಾನ ಆಗುತ್ತದೆ. ರಾಜಕೀಯ ಪಕ್ಷದ ಮೋರ್ಚಾ ಆದರೆ ಬಂದೋಬಸ್ತ್. ಗುತ್ತಿಗೆ ಕಾರ್ಮಿಕರಾದರೆ ಹಿಂದಿನ ರಾತ್ರಿಯೇ ಮನೆಗೆ ನೋಟಿಸ್. ಅಪರಾಧ ಆಗದಂತೆ ಪೊಲೀಸರು ಮೊದಲೇ ಕೊಡುವ ಈ ಎಚ್ಚರಿಕೆಯನ್ನು ಮೊದಲು "149ರ ನೋಟಿಸ್" ಅನ್ನುತ್ತಿದ್ದರು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಹೊಸ ಸಂಹಿತೆ ಬಂದ ಮೇಲೆ ಅದು 168, 144 ಹೋಗಿ 163. ಒಳಗಿನ ಸರಕು ಹಳೆಯದೇ. ಎರಡು ತಿಂಗಳ ಆದೇಶ, ರಾಜ್ಯ ಸರ್ಕಾರ ಬಯಸಿದರೆ ಮತ್ತೆ ಆರು ತಿಂಗಳವರೆಗೆ ಎಳೆಯಬಹುದು.

ಇದೇ 37(3)ಕ್ಕೆ ಒಂದು ಹಳೆಯ ಕಥೆ ಇದೆ. 1975ರ ಅಕ್ಟೋಬರ್, ಎಮರ್ಜೆನ್ಸಿ ಶುರುವಾಗಿ ನಾಲ್ಕು ತಿಂಗಳು. ಬಾಂಬೆಯ ವಕೀಲರು ಜಿನ್ನಾ ಹಾಲ್‌ನಲ್ಲಿ ಒಂದು ಸಭೆ ಇಟ್ಟುಕೊಂಡರು. ವಿಷಯ ನಾಗರಿಕ ಸ್ವಾತಂತ್ರ್ಯ ಮತ್ತು ಕಾನೂನಿನ ಆಳ್ವಿಕೆ. ಮಾತಾಡಬೇಕಿದ್ದವರು ಬಾಂಬೆ ಹೈಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಮತ್ತು ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಜೆ. ಸಿ. ಶಾ. ಇಬ್ಬರು ಹಿರಿಯರು, ಒಂದು ಹಾಲ್, ಕಪ್ಪು ಕೋಟಿನ ಶ್ರೋತೃಗಳು. ಇದರಿಂದ ಯಾವ ದೊಂಬಿ ಆಗುತ್ತಿತ್ತೋ ದೇವರಿಗೇ ಗೊತ್ತು. ಕಮಿಷನರ್ ಪರ್ಮಿಷನ್ ಕೊಡಲಿಲ್ಲ. ನತ್ವಾನಿ ಅನ್ನುವ ವಕೀಲರು ಹೈಕೋರ್ಟಿಗೆ ಹೋದರು, ಹೈಕೋರ್ಟ್ ಆ ನಿಷೇಧವನ್ನು ಹೊಡೆದುಹಾಕಿತು. ಎಮರ್ಜೆನ್ಸಿ ನಡೀತಿರುವಾಗಲೇ! ಸ್ವಲ್ಪ ದಿನದಲ್ಲೇ ಮೀನೂ ಮಸಾನಿಯವರ ಪತ್ರಿಕೆಯ ಸೆನ್ಸಾರ್ ಕೇಸಿನಲ್ಲೂ ಇದೇ ಕೋರ್ಟ್ ಸೆನ್ಸಾರ್‌ಗೆ ಬುದ್ಧಿ ಹೇಳಿತು. ಸುಪ್ರೀಂ ಕೋರ್ಟ್ ಮಾತ್ರ 1976ರ ಏಪ್ರಿಲ್‌ನಲ್ಲಿ ಜಬಲ್ಪುರ ಕೇಸಿನಲ್ಲಿ, ಎಮರ್ಜೆನ್ಸಿ ಇರುವಾಗ ಬಂಧನದ ವಿರುದ್ಧ ಕೋರ್ಟಿಗೆ ಬರುವ ಹಾಗಿಲ್ಲ ಅಂತ ಹೇಳಿ ಕೈಕಟ್ಟಿ ನಿಂತಿತು. ಎಚ್. ಆರ್. ಖನ್ನಾ ಒಬ್ಬರೇ ಭಿನ್ನ. ಆ ತೀರ್ಪನ್ನು ಪೂರ್ತಿ ಹೂತುಹಾಕಿದ್ದು 2017ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ.

ಎಮರ್ಜೆನ್ಸಿಯ ಆ 21 ತಿಂಗಳು ಮುಂಬೈ ಕನ್ನಡಿಗರಿಗೆ ದೂರದ ಕಥೆ ಅಲ್ಲ. ಮಂಗಳೂರಿನಿಂದ ಬಂದು ಇಲ್ಲಿಯ ಹೋಟೆಲ್, ಟ್ಯಾಕ್ಸಿ ಕೆಲಸಗಾರರನ್ನು ಕಟ್ಟಿದ ಜಾರ್ಜ್ ಫರ್ನಾಂಡಿಸ್ ಭೂಗತರಾಗಿ ಕೊನೆಗೆ 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸಿಕ್ಕಿಬಿದ್ದರು. ಅವರ ತಮ್ಮ ಲಾರೆನ್ಸ್‌ಗೆ ಬೆಂಗಳೂರಿನಲ್ಲಿ ಪೊಲೀಸರು ಕೊಟ್ಟ ಹಿಂಸೆ ಬರೆಯೋಕೂ ಕಷ್ಟ. ಜಾರ್ಜ್ ಅವರ ಸ್ನೇಹಿತೆ, ನಟಿ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆ ಇಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆ ಅಡಿ ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಹೆಂಗಸು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಐದು ದಿನಕ್ಕೆ ತೀರಿಕೊಂಡರು.

ಇದೆಲ್ಲ ಆದ ಮೇಲೆ ದೊಡ್ಡ ಬಾಗಿಲಿಗೆ ಬೀಗ ಬಿತ್ತು. 1978ರ 44ನೇ ತಿದ್ದುಪಡಿಯಿಂದ "ಆಂತರಿಕ ಗಲಭೆ" ಅಂತ ಹೇಳಿ ಎಮರ್ಜೆನ್ಸಿ ಹಾಕುವುದು ನಿಂತಿತು. ಸಶಸ್ತ್ರ ಬಂಡಾಯ ಇರಬೇಕು, ಸಂಪುಟ ಲಿಖಿತವಾಗಿ ಹೇಳಬೇಕು, ಸಂಸತ್ತು ಒಪ್ಪಬೇಕು, ಬದುಕುವ ಹಕ್ಕನ್ನು ಅಮಾನತು ಮಾಡುವ ಹಾಗೇ ಇಲ್ಲ. ತುಂಬಾ ಒಳ್ಳೆಯದಾಯಿತು. ಪಕ್ಕದ ಸಣ್ಣ ಬಾಗಿಲು ಮಾತ್ರ ತೆರೆದೇ ಉಳಿಯಿತು. ರಾಷ್ಟ್ರಪತಿ ಬೇಡ, ಸಂಸತ್ತು ಬೇಡ, ಒಬ್ಬ ಅಧಿಕಾರಿಯ ಸಹಿ ಸಾಕು. ಪ್ರತಿ ವರ್ಷ ಜೂನ್ 25 ಬಂದಾಗ ಎಲ್ಲಾ ಪಕ್ಷದವರೂ ಎಮರ್ಜೆನ್ಸಿ ಬಗ್ಗೆ ಭಾಷಣ ಮಾಡ್ತಾರೆ. ಈ ಸಣ್ಣ ಬಾಗಿಲಿನ ಬಗ್ಗೆ ಯಾರೂ ಬಾಯಿ ಬಿಡಲ್ಲ, ಯಾಕಂದ್ರೆ ಎಲ್ಲರಿಗೂ ಅದು ಬೇಕು.

ಹಾಗಾದರೆ ಪೊಲೀಸರಿಗೆ ಅಧಿಕಾರವೇ ಬೇಡವಾ? ಮಾಟುಂಗಾದಲ್ಲಿ ಹೋಟೆಲ್ ಇಟ್ಟುಕೊಂಡವರ ಹತ್ತಿರ ಹೀಗೆ ಮಾತಾಡಿ ನೋಡಿ, ಕಾಫಿ ಕೊಡುವುದನ್ನೇ ನಿಲ್ಲಿಸ್ತಾರೆ. ನಮ್ಮವರಿಗೆ ಬಂದ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಶಟರ್ ಅರ್ಧ ಇಳಿಸುವುದು, ಹುಡುಗನೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸುವುದು, ಗುಂಪು ಬರುವ ಸದ್ದು ಕೇಳಿದ ಕೂಡಲೇ ಪೂರ್ತಿ ಎಳೆಯುವುದು, ಒಳಗೆ ಅರ್ಧ ತಿಂದ ಗಿರಾಕಿಗಳು ದೀಪ ಆರಿಸಿಕೊಂಡು ಕೂರುವುದು. 1969ರ ಫೆಬ್ರವರಿಯಲ್ಲಿ ಗಡಿ ವಿಷಯಕ್ಕೆ ಶಿವಸೇನೆ ಮಾಡಿದ ಗಲಾಟೆಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು, ಉಡುಪಿ ಹೋಟೆಲ್‌ಗಳಿಗೆ ಕಲ್ಲು ಬಿತ್ತು, ಬೆಂಕಿ ಬಿತ್ತು. ನಮ್ಮ ದೊಡ್ಡಪ್ಪ ಆಗ ದಾದರ್‌ನಲ್ಲಿ ಸಪ್ಲೈಯರ್. ಎರಡು ರಾತ್ರಿ ಅಕ್ಕಿ ಮೂಟೆಗಳ ಹಿಂದೆ ಮಲಗಿದ್ದರಂತೆ. ಅವರ ಹತ್ತಿರ "ಸೇರುವ ಹಕ್ಕು" ಅಂದರೆ "ಯಾರು ಸೇರುವುದು?" ಅಂತ ಕೇಳುತ್ತಿದ್ದರು. ಸರಿಯಾದ ಪ್ರಶ್ನೆಯೇ.

2012ರ ಆಗಸ್ಟ್ 11ರ ಆಜಾದ್ ಮೈದಾನವೂ ನೆನಪಿದೆ. ಪರ್ಮಿಷನ್ ಇದ್ದ ಸಭೆ. ಟಿವಿ ವ್ಯಾನ್ ಸುಟ್ಟರು, ಮಹಿಳಾ ಪೊಲೀಸರ ಮೇಲೆ ಕೈ ಮಾಡಿದರು, ಅಮರ ಜವಾನ್ ಸ್ಮಾರಕ ಒಡೆದರು, ಇಬ್ಬರು ಸತ್ತರು. ಅಂಥ ಹೊತ್ತಿನಲ್ಲಿ ಪೊಲೀಸರು ಸಂವಿಧಾನ ಓದುತ್ತಾ ಕೂರಲಿ ಅಂತ ನಾನು ಹೇಳಲ್ಲ.

ಆದರೆ ಒಂದು ಮಾತು. ಈ ಊರಿನ ದೊಡ್ಡ ದುರಂತಗಳಲ್ಲಿ ಯಾವುದೂ ಪೊಲೀಸರಿಗೆ ಅಧಿಕಾರ ಇಲ್ಲದೆ ಆದದ್ದಲ್ಲ. 1992-93ರ ಕೋಮುಗಲಭೆಯಲ್ಲಿ ಕರ್ಫ್ಯೂ ಇತ್ತು, ಗುಂಡು ಹಾರಿಸುವ ಅಧಿಕಾರ ಇತ್ತು, ಸೈನ್ಯವೂ ಬಂದಿತ್ತು. ಅಧಿಕಾರ ಯಾರ ಮೇಲೆ ನಡೆಯಿತು, ಯಾರನ್ನು ಬಿಟ್ಟಿತು ಅನ್ನೋದು ಆ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗದ ವರದಿಯಲ್ಲಿದೆ. 2003ರ ಜುಲೈ 30ರ ಬಂದ್‌ಗೆ ಶಿವಸೇನೆ, ಬಿಜೆಪಿ ಎರಡಕ್ಕೂ ಬಾಂಬೆ ಹೈಕೋರ್ಟ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿತು. ಶಟರ್ ಇಳಿಸುವವರಿಗೆ ನಿಜವಾಗಿ ನೆರವಾಗುವ ದಾರಿ ಅದು: ನಷ್ಟ ಮಾಡಿದವನಿಂದ ವಸೂಲಿ. ಹದಿನೈದು ದಿನಕ್ಕೊಮ್ಮೆ ಇಡೀ ಊರಿಗೆ ಜಮಾವಬಂದಿ, ಅಂದರೆ ಗುಂಪು ಸೇರದ ಹಾಗೆ ನಿಷೇಧ ಹಾಕಿದರೆ ಕಲ್ಲು ಹೊಡೆಯುವವನು ನಿಲ್ಲಲ್ಲ. ಅವನು ಪರ್ಮಿಷನ್ ಕೇಳುವವನೇ ಅಲ್ಲ.

ಇನ್ನೊಂದು ವಿಷಯ ಬರೆದರೆ ಬೈಗುಳ ಗ್ಯಾರಂಟಿ, ಆದರೂ ಬರೆಯುತ್ತೇನೆ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ, ಆ ಊರು ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಸಂಘಟನೆಯಾದ ಎಂಇಎಸ್‌ನ ಮಹಾಮೇಳಾವಕ್ಕೆ ಪರ್ಮಿಷನ್ ಕೊಡಲಿಲ್ಲ, ಮಹಾರಾಷ್ಟ್ರದ ಸಂಸದರೊಬ್ಬರಿಗೆ 144 ಅಡಿಯಲ್ಲಿ ಪ್ರವೇಶವನ್ನೇ ನಿಷೇಧಿಸಿದರು. ನಮ್ಮ ಕನ್ನಡ ಗ್ರೂಪ್‌ಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮೂರು ವರ್ಷದ ಹಿಂದೆ ಟೌನ್‌ಹಾಲ್ ವಿಡಿಯೊ ನೋಡಿ ಸಿಟ್ಟಾದವರೇ ಇಲ್ಲಿ ಹೆಬ್ಬೆರಳು ಎತ್ತಿದರು. ಎಂಇಎಸ್ ವಾದ ನನಗೂ ಒಪ್ಪಿಗೆ ಇಲ್ಲ, ಬೆಳಗಾವಿ ಕರ್ನಾಟಕದ್ದೇ. ಆದರೆ ಒಂದು ಮೈದಾನದಲ್ಲಿ ಕೂತು ತಪ್ಪು ಮಾತಾಡುವ ಹಕ್ಕು ಅವರಿಗೆ ಇಲ್ಲ ಅಂದರೆ ನಾಳೆ ಮುಂಬೈಯಲ್ಲಿ ಕನ್ನಡ ಶಾಲೆ ಮುಚ್ಚಬೇಡಿ ಅಂತ ನಾವು ಕೂರುವ ಹಕ್ಕಿನ ಬಗ್ಗೆ ಯಾವ ಬಾಯಲ್ಲಿ ಮಾತಾಡೋಣ? ಬೆಂಕಿ ಹಚ್ಚುವವರಿಗೆ ಕೇಸ್ ಹಾಕಿ, ಬಸ್ಸಿಗೆ ಮಸಿ ಬಳಿಯುವವರಿಗೆ ಎರಡೂ ಕಡೆ ಕೇಸ್ ಹಾಕಿ.

ಪ್ರತಿಭಟನೆ ಮಾಡುವವರ ಮೇಲೂ ಜವಾಬ್ದಾರಿ ಇದೆ. 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ 180 ಕಿಲೋಮೀಟರ್ ನಡೆದು ಬಂದ ರೈತರನ್ನು ನೆನೆಸಿಕೊಳ್ಳಿ. ಸಯಾನ್ ಹತ್ತಿರದ ಸೋಮಯ್ಯ ಮೈದಾನದಲ್ಲಿ ಉಳಿದಿದ್ದರು. ಮಾರನೇ ದಿನ ಹತ್ತನೇ ಕ್ಲಾಸಿನ ಪರೀಕ್ಷೆ, ಮಕ್ಕಳಿಗೆ ತೊಂದರೆ ಆಗಬಾರದು ಅಂತ ರಾತ್ರಿಯೇ ಎದ್ದು ಆಜಾದ್ ಮೈದಾನಕ್ಕೆ ನಡೆದರು. ಕಾಲು ಒಡೆದು ರಕ್ತ ಬಂದಿತ್ತು. ಜನ ರಸ್ತೆ ಬದಿಯಲ್ಲಿ ನಿಂತು ನೀರು, ಬಿಸ್ಕೆಟ್, ಚಪ್ಪಲಿ ಕೊಟ್ಟರು. ಯಾವ ಸೆಕ್ಷನ್ನೂ ಇದನ್ನು ಮಾಡಿಸಲಿಲ್ಲ.

2025ರ ಆಗಸ್ಟ್ ಕೊನೆಯಲ್ಲಿ ಮನೋಜ್ ಜರಾಂಗೆ ಅವರ ಮರಾಠಾ ಮೀಸಲಾತಿ ಆಂದೋಲನ ಬಂದಾಗ ಅನುಭವ ಬೇರೆ. ಪರ್ಮಿಷನ್ 5,000 ಜನಕ್ಕೆ, ಬಂದವರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಿಎಸ್‌ಎಂಟಿ ಸ್ಟೇಷನ್ ಒಳಗೇ ಅಡುಗೆ, ನಿದ್ದೆ. ಫೋರ್ಟ್ ಕಡೆ ಕೆಲಸಕ್ಕೆ ಹೋಗುವವರಿಗೆಲ್ಲ ನರಕ. ಹೊಟ್ಟೆಪಾಡಿಗೆ ನೋವಾದರೆ ಜನ ಕೂಗುತ್ತಾರೆ, ರೈತರೋ ಮರಾಠರೋ ಅಂತ ನೋಡಲ್ಲ, ನಾನೂ ಎರಡು ಮಾತು ಬೈದೆ. ಸೆಪ್ಟೆಂಬರ್ 1ಕ್ಕೆ ಬಾಂಬೆ ಹೈಕೋರ್ಟ್ ವಿಚಾರಣೆ ಮಾಡಿ, ಮಾರನೇ ದಿನದೊಳಗೆ ರಸ್ತೆ ಖಾಲಿ ಆಗಬೇಕು ಅಂತ ಹೇಳಿತು. 2ನೇ ತಾರೀಕು ಸರ್ಕಾರ ಬೇಡಿಕೆ ಒಪ್ಪಿತು, ಉಪವಾಸ ಮುಗಿಯಿತು.

ಆ ಆದೇಶ ಸರಿ ಅಂತಲೇ ನನ್ನ ಅಭಿಪ್ರಾಯ. ರಸ್ತೆ ಎಲ್ಲರದ್ದು. ನಾನು ಕೇಳುವುದು ಆ ಸ್ಪೀಡ್ ಬಗ್ಗೆ. ಪ್ರತಿಭಟನೆಯವರನ್ನು ಎಬ್ಬಿಸಬೇಕಾದರೆ ಕೋರ್ಟಿಗೆ ಒಂದು ದಿನ ಸಾಕಾಗುತ್ತದೆ, ಪ್ರತಿಭಟನೆ ನಿಷೇಧಿಸಿದ ಆದೇಶ ಸರಿಯೋ ತಪ್ಪೋ ಹೇಳೋಕೆ ಎರಡು ತಿಂಗಳು ಬೇಕಾಗುತ್ತದೆ. ಇದು ಉಲ್ಟಾ ಅಲ್ವಾ? ಡಿಸೆಂಬರ್ 18ಕ್ಕೆ ಹೊರಟ ಆದೇಶವನ್ನು 19ರ ಬೆಳಗ್ಗೆಯೇ ನೋಡಬೇಕಿತ್ತು. ತೀರ್ಪಿನಲ್ಲಿ ಹೊಸ ತತ್ವ ಏನೂ ಬೇಕಿರಲಿಲ್ಲ. ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಮಧ್ಯರಾತ್ರಿ ಪೊಲೀಸರು ನುಗ್ಗಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಇದನ್ನೆಲ್ಲ ಹೇಳಿತ್ತು. 2020ರ ಜನವರಿ 10ಕ್ಕೆ ಕಾಶ್ಮೀರದ ಇಂಟರ್ನೆಟ್ ಬಂದ್ ಕೇಸಿನಲ್ಲಿ ಬಂದ ಅನುರಾಧಾ ಭಸಿನ್ ತೀರ್ಪು ಮತ್ತೆ ಹೇಳಿತು: ಆದೇಶದಲ್ಲಿ ನಿಜವಾದ ಕಾರಣ ಇರಬೇಕು, ಅದನ್ನು ಜನರಿಗೆ ಕಾಣುವ ಹಾಗೆ ಪ್ರಕಟಿಸಬೇಕು, ಬೇಕಾದಷ್ಟೇ ನಿರ್ಬಂಧ ಹಾಕಬೇಕು, ಮೇಲಿಂದ ಮೇಲೆ 144 ಹಾಕುವುದು ಅಧಿಕಾರದ ದುರ್ಬಳಕೆ.

ಪೊಲೀಸ್ ಇಲಾಖೆಯಲ್ಲಿದ್ದು ರಿಟೈರ್ ಆದ ಪರಿಚಯದವರೊಬ್ಬರು ಇದನ್ನು ಕೇಳಿ ನಕ್ಕರು. "ಪ್ರತಿ ಆದೇಶಕ್ಕೂ ಕಾರಣ ಬರೆಯುತ್ತಾ ಕೂತರೆ ಬಂದೋಬಸ್ತ್ ಯಾರು ನೋಡ್ತಾರೆ?" ಅಂದರು. ಇಂಟರ್ನೆಟ್ ಬಂದ್ ಮಾಡುವಾಗ ಬರೀತಾರಲ್ಲ ಅಂದೆ. ಅದಕ್ಕೆ 2017ರಿಂದ ನಿಯಮ ಇದೆ. ಗೃಹ ಕಾರ್ಯದರ್ಶಿ ಮಟ್ಟದವರು ಕಾರಣ ಬರೆದು ಸಹಿ ಹಾಕಬೇಕು, ಐದು ಕೆಲಸದ ದಿನದೊಳಗೆ ಒಂದು ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆ ಸಮಿತಿಯಲ್ಲೂ ಅಧಿಕಾರಿಗಳೇ ಇರುವುದು, ದೊಡ್ಡ ಭರವಸೆ ಏನಲ್ಲ. ಆದರೂ ಕಡ್ಡಾಯವಾಗಿ ನೋಡಬೇಕು ಅಂತ ಒಂದು ಗಡುವಾದರೂ ಇದೆ. ಜನ ಸೇರುವುದನ್ನು ನಿಷೇಧಿಸುವ ಆದೇಶಕ್ಕೆ ಅಂಥ ಸಮಿತಿಯೂ ಇಲ್ಲ, ಗಡುವೂ ಇಲ್ಲ. 144 ಇರಲಿ, ಈಗಿನ 163 ಇರಲಿ, ನಿಮಗೆ ಅನ್ಯಾಯ ಆಗಿದೆ ಅನಿಸಿದರೆ ಕಾಯ್ದೆ ತೋರಿಸುವ ಮೊದಲ ದಾರಿ, ಆ ಆದೇಶ ಹೊರಡಿಸಿದ ಮ್ಯಾಜಿಸ್ಟ್ರೇಟರ ಆಫೀಸಿಗೇ ಹೋಗಿ, ಇದನ್ನು ದಯವಿಟ್ಟು ವಾಪಸ್ ತಗೊಳ್ಳಿ ಅಂತ ಅವರಿಗೇ ಅರ್ಜಿ ಕೊಡುವುದು.